ಕೊಳಲು ತುಂಬಿದ ಜಾಗ

ಹಾಡು ಕಟ್ಟುವಾಗ ನನಗೆ ಮೊದಲು ಮಾತು ಬರುವುದಿಲ್ಲ, ನಡಿಗೆ ಬರುತ್ತದೆ. ಆ ಒಂದು ಹಾಡಿನ ನಡಿಗೆ ಸಿಕ್ಕಿದ್ದು ಮಾನ್ವಿಯ ಗದ್ದೆಗಳಲ್ಲಿ. ಎಂ.ಎ. ಮುಗಿಸಿ ಅಲ್ಲಿನ ಹೈಸ್ಕೂಲಿಗೆ ಸೇರಿದ್ದೆ. ರಾಯಚೂರಿನಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಕಾಲುವೆಗೆ ನೀರು ಬಿಟ್ಟಾಗ ದೇವದುರ್ಗದ ಕಡೆಯ ಹೆಂಗಸರು ಭತ್ತದ ಸಸಿ ಹಚ್ಚಲು ಬರುತ್ತಿದ್ದರು. ನನ್ನ ತಾಯಿಯದೂ ಅದೇ ಸೀಮೆ. ಅವರ ಮಾತು ಕೇಳಲೆಂದೇ ಬದುವಿನ ಮೇಲೆ ನಿಲ್ಲುತ್ತಿದ್ದೆ. ಬೆರಳು ಕೆಸರಿಗೆ ಇಳಿಯುವ ಗಳಿಗೆಯಲ್ಲಿ ಎಂಥ ಹರಟೆಯೂ ತುಂಡಾಗುತ್ತಿತ್ತು. ಸಸಿ ಒತ್ತಿದ ಮೇಲೆ ಮತ್ತೆ ಮಾತು ಮುಂದುವರಿಯುತ್ತಿತ್ತು.

ಆ ತುಂಡನ್ನೇ ಹಾಡಿನಲ್ಲಿ ಇಟ್ಟೆ. ‘ಬಾಗಿದ ಬೆನ್ನಿಗೆ ಬಿಸಿಲೇ ಸೆರಗು’ ಎಂದ ಮೇಲೆ ಎರಡು ಮಾತ್ರೆ ಖಾಲಿ. ಅಲ್ಲಿ ಮಾತಿಲ್ಲ, ವಾದ್ಯವೂ ಇಲ್ಲ. ಇಡೀ ಹಾಡಿನಲ್ಲಿ ನಾನು ಹೆಚ್ಚು ಕೆಲಸ ಮಾಡಿದ್ದು ಏನೂ ಇಲ್ಲದ ಆ ಜಾಗದ ಮೇಲೆ.

ನನಗೆ ಹಾರ್ಮೋನಿಯಂ ಕಲಿಸಿದ ಮಾಸ್ತರರು ರಾಯಚೂರಿನಲ್ಲಿ ಒಂದು ಆರ್ಕೆಸ್ಟ್ರಾ ನಡೆಸುತ್ತಿದ್ದರು. ಅವರ ಕಾರ್ಯಕ್ರಮಗಳಲ್ಲಿ ನನ್ನ ಹಾಡುಗಳನ್ನು ನಾನೇ ಹಾಡುತ್ತಿದ್ದೆ. ಒಂದು ಭಾನುವಾರ ತಮ್ಮ ಟೇಪ್ ರೆಕಾರ್ಡರ್ ಮುಂದೆ ಕೂರಿಸಿ ಈ ಹಾಡು ಹೇಳಿಸಿಕೊಂಡರು.

“ಬೆಂಗಳೂರಿನ ಕಂಪನಿಯವ್ರಿಗೆ ಕೇಳಿಸ್ತೀನವಾ. ಕ್ಯಾಸೆಟ್ ಆದ್ರ ನಿನ್ನ ಫೋಟೋನೂ ಹಾಕಸೂಣು.”

“ಫೋಟೋ ಬ್ಯಾಡ್ರಿ ಸರ್,” ಎಂದೆ.

ಅವರು ನಕ್ಕರು. “ನಿನ್ನ ಸಂಕೋಚ ನಂಗೊತ್ತಿಲ್ಲೇನು!”

ಎಂಟು ತಿಂಗಳು ಕಳೆದವು. ರೈಲು ನಿಲ್ದಾಣದ ಹತ್ತಿರದ ಕ್ಯಾಸೆಟ್ ಅಂಗಡಿಯವರು ನಾನು ಬಸ್ಸಿಗೆ ಹೋಗುವುದನ್ನು ಕಂಡು ಕರೆದರು. “ಅಕ್ಕೋರ, ಬರ್ರಿ ಇಲ್ಲಿ. ನಿಮ್ಮ ಮಾಸ್ತರ್ ಸಾಬರದು ಹೊಸಾ ಮಾಲು ಬಂದದ. ಏಕ್ದಂ ಅಸಲಿ ಹಳ್ಳಿ ಹಾಡು!”

ಬೇರೆ ಯಾರದೋ ಕಂಠದಲ್ಲಿ ನನ್ನ ಹಾಡು ಬಂತು. ಆ ಎರಡು ಮಾತ್ರೆಗಳಲ್ಲಿ ಕೊಳಲು ಕುಣಿಯಿತು. ಡಬ್ಬಿಯೊಳಗಿನ ಕಾಗದದಲ್ಲಿ ‘ಸಾಹಿತ್ಯ, ಸಂಗೀತ: ಜಾನಪದ’ ಎಂದಿತ್ತು. ಅದರ ಕೆಳಗೆ ‘ಸಂಗ್ರಹ’ ಎಂದು ಮಾಸ್ತರರ ಹೆಸರು. ಎರಡು ಸಲ ಓದಿದೆ. ಅಂಗಡಿಯವರು ಕ್ಯಾಸೆಟ್ ಕಟ್ಟಿಕೊಡಲೇ ಎಂದು ಕೇಳಿದರು. ಬೇಡವೆಂದೆ.

ಸಂಜೆ ಮಾಸ್ತರರ ಮನೆಗೆ ಹೋದೆ. ಚಹಾ ತರಿಸಿದರು, ಕಣ್ಣು ತಪ್ಪಿಸಲಿಲ್ಲ.

“ಕಂಪನಿಯವ್ರಿಗೆ ಹಳೇ ಹಾಡ ಬೇಕಾಗಿತ್ತು. ಮಾನ್ವಿ ಸಾಲಿ ಅಕ್ಕೋರು ಬರ್ದಾರ ಅಂದ್ರ ಯಾರು ತಗೋತಾರವಾ? ನಾ ಬರ್ದೀನಂತ ಹಾಕ್ಕೊಂಡಿಲ್ಲಲ್ಲ, ಸಂಗ್ರಹ ಅಂತ ಅಷ್ಟs ಹಾಕೀನಿ. ಮ್ಯಾಲ, ನೀನs ಹೆಸರು ಬ್ಯಾಡ ಅಂದಿದ್ದಿ.”

ನಾನು ಫೋಟೋ ಬೇಡ ಎಂದಿದ್ದೆ. ಹೆಸರು ಬೇಡ ಎಂದಿರಲಿಲ್ಲ. ಈ ಎರಡು ವಾಕ್ಯಗಳು ಬಾಯಿಯವರೆಗೆ ಬಂದವು. ಹನ್ನೊಂದು ವರ್ಷದವಳಿದ್ದಾಗ ನನ್ನ ಬೆರಳುಗಳನ್ನು ಒಂದೊಂದಾಗಿ ಹಾರ್ಮೋನಿಯಂ ಮಣೆಗಳ ಮೇಲೆ ಇಟ್ಟವರು ಅವರು. ಕೇಳಿದ್ದು ಮಾತ್ರ ಇಷ್ಟೇ: “ಆ ಖಾಲಿ ಜಾಗದಾಗ ಕೊಳಲು ಯಾಕ್ರಿ ಸರ್?”

“ಖಾಲಿ ಬಿಟ್ರ ಮಂದಿ ಟೇಪು ಕೆಟ್ಟದ ಅಂತಾರ,” ಎಂದರು.

ಚಹಾ ಕುಡಿದೇ ಬಂದೆ. ಲೋಟ ಹಾಗೇ ಬಿಟ್ಟು ಬರಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ. ಆಮೇಲೆ ಯಾರ ಮುಂದೆಯೂ ಹೊಸ ಹಾಡು ಹೇಳಲಿಲ್ಲ.

ಮರುವರ್ಷ ಸಸಿ ಹಚ್ಚುವ ಹೊತ್ತಿಗೆ ಮಾನ್ವಿಯ ಅದೇ ಗದ್ದೆಯಿಂದ ಆ ಹಾಡು ಕೇಳಿಸಿತು. ನಿಂತೆ. ಎಂದೂ ಇಲ್ಲದ ಧೈರ್ಯದಲ್ಲಿ, “ಇದು ನಾ ಬರ್ದ ಹಾಡು,” ಎಂದುಬಿಟ್ಟೆ.

ಹೆಂಗಸರ ಸಾಲಿಗೆ ಸಾಲೇ ನೆಟ್ಟಗಾಗಿ ನಕ್ಕಿತು. “ಕೇಳಿದ್ರೇನಬೇ, ಅಕ್ಕೋರು ಬರ್ದಾರಂತ!”

“ನಮ್ಮ ಮುತ್ಯಾನ ಕಾಲದ್ದರೀ ಇದು. ಕ್ಯಾಸೆಟ್ನಾಗ ಹಂಗs ಹೇಳ್ಯಾರ.”

“ಹಾಡ್ಲಿ ತಡೀರಲೇ, ಕೇಳೂಣು,” ಎಂದಳು ಸಾಲಿನ ತುದಿಯ ಮುದುಕಿ.

ಹಾಡಿದೆ. ‘ಬಿಸಿಲೇ ಸೆರಗು’ ಎಂದು ಎರಡು ಮಾತ್ರೆ ಸುಮ್ಮನಾದೆ.

“ಅಲ್ಲಿ ನಿಂದರಬಾರದು ಯವ್ವಾ, ತಪ್ಪಾತು. ಅಲ್ಲಿ ಕೊಳಲು ಬರ್ತದ,” ಎಂದು ಮುದುಕಿ ತುಟಿ ದುಂಡಗೆ ಮಾಡಿ ಬಾಯಲ್ಲೇ ಕೊಳಲು ನುಡಿಸಿ ತೋರಿಸಿದಳು. ಉಳಿದವರೂ ದನಿಗೂಡಿಸಿ ಬಾಗಿದರು. ಅವರ ಬೆರಳುಗಳು ಕೆಸರಿಗೆ ಇಳಿಯುತ್ತಿದ್ದುದು ಸರಿಯಾಗಿ ಅದೇ ಜಾಗದಲ್ಲಿ.

“ಇನ್ನೊಮ್ಮಿ ಹೇಳು,” ಎಂದಳು.

ರಸ್ತೆಯ ಮೇಲೆ ಬಸ್ಸು ಕಾಣಿಸಿತ್ತು. ಹೋಗಬಹುದಿತ್ತು. ಇನ್ನೊಮ್ಮೆ ಹೇಳಿದೆ. ಆ ಜಾಗ ಬಂದಾಗ ನಾನೂ ತುಟಿ ದುಂಡಗೆ ಮಾಡಿ ಕೊಳಲು ತುಂಬಿದೆ.

“ಈಗ ಬಂತು ನೋಡು ಹಾಡು,” ಎಂದಳು ಮುದುಕಿ.