ನೊರೆ ಬರದ ಹಾಗೆ

ಧನಶ್ರೀ ಯಾವ ಕೆಲಸವನ್ನೂ ಅರೆಮನಸ್ಸಿನಿಂದ ಮಾಡಿದವಳಲ್ಲ. ಇಂಡಿ ಪಟ್ಟಣದ ಹತ್ತಿರದ ಹಳ್ಳಿಯಲ್ಲಿ ಅಪ್ಪನದು ಹಿಟ್ಟಿನ ಗಿರಣಿ. ಆ ಮನೆಯಲ್ಲಿ ಪದವಿ ಮುಗಿಸಿದವಳು ಇವಳೇ ಮೊದಲು. ಈಗ ನಾಗಪುರದ ಪ್ರತಾಪ ನಗರದಲ್ಲಿ ಒಂದು ಕೋಣೆ, ಊರಾಚೆಯ ಔಷಧಿ ಲ್ಯಾಬಿನಲ್ಲಿ ನೌಕರಿ.

ಸಂಧಿವಾತದ ರೋಗಿಗಳಿಗೆ ಕೊಡುವ ಪ್ರೋಟೀನ್ ಇಂಜೆಕ್ಷನ್ ಅಲ್ಲಿ ಪರೀಕ್ಷೆಗೆ ಬರುತ್ತಿತ್ತು. ಕ್ರೊಮ್ಯಾಟೋಗ್ರಫಿ ಯಂತ್ರದ ಸಣ್ಣ ಕೊಳವೆಯಲ್ಲಿ, ಅಂದರೆ ಕಾಲಂನಲ್ಲಿ, ಅದನ್ನು ಹರಿಸಿದರೆ ಒಂದಕ್ಕೊಂದು ಅಂಟಿಕೊಂಡ ಪ್ರೋಟೀನಿನ ಗಂಟುಗಳು ಬೇರೆಯಾಗಿ ಕಾಣುತ್ತವೆ. ಅವು ಎಷ್ಟಿವೆ ಎಂದು ಅಳೆಯಬೇಕು. ಯಾರು ಅಳೆದರೂ, ಯಾವ ದಿನ ಅಳೆದರೂ ಉತ್ತರ ಒಂದೇ ಬರಬೇಕು. ಹಾಗೆ ಬಂದರೆ ಮಾತ್ರ ಧನಶ್ರೀ ತಾನೊಬ್ಬಳೇ ಪರೀಕ್ಷೆ ಮಾಡಿ ಸಹಿ ಹಾಕಬಹುದು.

ಬರಲಿಲ್ಲ. ಹಿರಿಯರಾದ ಕುಮುದಾ ಅವರಿಗೆ ಎರಡು ದಿನವೂ ನೂರಕ್ಕೆ ಒಂದು. ಇವಳಿಗೆ ಒಮ್ಮೆ ಎರಡು, ಒಮ್ಮೆ ಎರಡೂವರೆ.

“ಕಾಲಂ ಬದಲಿ ಮಾಡಿದ್ವಿ, ದ್ರಾವಣ ಹೊಸಾದು ಹಾಕಿದ್ವಿ. ಇನ್ನೇನು ಮಷೀನಿಗೆ ನಿಂಬೆಹಣ್ಣು ಕಟ್ಟೋಣೇನು?” ಎಂದರು ಧಾರವಾಡದ ಕುಮುದಾ.

“ಮಷೀನ್ ಬರೋಬರ್ ಐತ್ರಿ ಅಕ್ಕಾರ. ನಿಮಗ ಸರಿ ಬರ್ತೈತಲ್ಲ. ನನ್ನ ಕೈಯಾಗ ಏನೋ ತಪ್ಪೈತಿ. ಇವತ್ತ ನೀವು ಮಾಡ್ರಿ, ನಾ ನೋಡಿ ಬರ್ಕೋತೀನಿ.”

ಕುಮುದಾ ಫ್ರಿಜ್ಜಿನಿಂದ ಶೀಶೆ ತೆಗೆದರು. ಅದರ ತಣುಪು ಹೋದ ಮೇಲೆ, ಮಲಗಿದ ಕೂಸನ್ನು ಹೆಗಲು ಬದಲಿಸುವಂತೆ, ಮೆಲ್ಲಗೆ ಮೇಲೆ ಕೆಳಗೆ ಮಾಡಿದರು.

ಧನಶ್ರೀಯ ಪೆನ್ನು ನಿಂತಿತು. “ಅಷ್ಟೇ ಏನ್ರಿ? ನಾ ನೊರಿ ಬರೂತನಕ ಕುಲುಕ್ತೀನಲ್ರಿ! ಸೂಚನಾದಾಗ ಚಲೋತ್ನ್ಯಾಗ ಮಿಕ್ಸ್ ಮಾಡ್ರಿ ಅಂತ ಬರದೈತಿ.”

“ಹುಚ್ಚಿ! ಅದನ್ನೇನು ಮಜ್ಜಿಗಿ ಅಂತ ತಿಳದ್ಯೇನು?”

ಒಂದೇ ಶೀಶೆಯ ಮದ್ದನ್ನು ಎರಡು ಪಾಲು ಮಾಡಿ, ಒಂದನ್ನು ಮೆಲ್ಲಗೆ ಹೊರಳಿಸಿ, ಇನ್ನೊಂದನ್ನು ಕುಲುಕಿ ಯಂತ್ರಕ್ಕೆ ಕೊಟ್ಟರು. ಊಟದ ಹೊತ್ತಿಗೆ ಉತ್ತರ ಬಂತು: ಒಂದು, ಎರಡೂವರೆ. ನೊರೆಯಲ್ಲಿ ಪ್ರೋಟೀನು ಗಂಟು ಕಟ್ಟುತ್ತಿತ್ತು.

“ನಂದೇ ತಪ್ಪು ಅಂತ ದಾಖಲೆಯೊಳಗ ಬರೀತೀನ್ರಿ.”

“ಹೆಂಗಾತು ಅನ್ನೂದನ್ನ ಪೂರ್ತಿ ಬರಿ. ಆದ್ರ ತಪ್ಪು ನಿಂದೊಂದ ಅಲ್ಲ. ಆ ಸೂಚನಾ ಬರದಾಕಿ ನಾನ. ಎಷ್ಟು ಸಲ, ಹೆಂಗ ಅಂತ ಹೇಳೇ ಇಲ್ಲ.”

ಇಬ್ಬರೂ ಕೂತು ಆ ಸಾಲನ್ನು ತಿದ್ದಿದರು: ಹತ್ತು ಸಲ ನಿಧಾನವಾಗಿ ತಲೆಕೆಳಗು ಮಾಡಿ, ನೊರೆ ಬರಬಾರದು. ಮುಂದಿನ ಮೂರು ದಿನ ಧನಶ್ರೀ ಆರಾರು ಸಲ ಅಳೆದಳು. ಪ್ರತಿ ಸಲವೂ ಒಂದು, ಇಲ್ಲವೇ ಅದಕ್ಕಿಂತ ಕೂದಲೆಳೆಯಷ್ಟು ಆಚೀಚೆ.

ಸೋಮವಾರ ಅವಳು ಮೊದಲ ವರದಿಗೆ ಒಬ್ಬಳೇ ಸಹಿ ಹಾಕಿದಳು. ಕುಮುದಾ ಎದುರಿನ ಬೆಂಚಿನಲ್ಲಿ ತಮ್ಮ ಕೆಲಸ ಮಾಡಿಕೊಂಡಿದ್ದರು, ಸರಿಯಿದೆಯೇ ಎಂದು ತಿರುಗಿಯೂ ನೋಡಲಿಲ್ಲ.