ದೆವ್ವದ ಸಿನಿಮಾ ಒಲ್ಲದ ಭದ್ರಾವತಿ ಹುಡುಗ

ಕನ್ನಡಕ ತೆಗೆದರೆ ಅವನ ಮೂಗಿನ ಎರಡೂ ಪಕ್ಕ ತೊಗರಿಬೇಳೆಯಷ್ಟಗಲದ ಎರಡು ಕೆಂಪು ಗುಳಿಗಳು ಕಾಣುತ್ತಿದ್ದವು. ಚಿಕ್ಕಂದಿನಿಂದ ದಪ್ಪ ಗಾಜು ಹೊತ್ತು ಹೊತ್ತು ಬಿದ್ದ ಗುಳಿಗಳು. ಕನ್ನಡಕವಿಲ್ಲದಿದ್ದರೆ ಎರಡು ಮಾರು ದೂರದಲ್ಲಿ ನಿಂತವರ ಮುಖವೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಅಂಥವನು ದುಡಿಯುತ್ತಿದ್ದದ್ದು ಶಿವಮೊಗ್ಗದ ಒಂದು ಕನ್ನಡಕದಂಗಡಿಯಲ್ಲಿ, ಊರವರ ಕಣ್ಣಿಗೆ ಗಾಜು ಕೂರಿಸುವ ಕೆಲಸ. ಬೆಳಗ್ಗೆ ಭದ್ರಾವತಿಯಿಂದ ಬಸ್ಸಿನಲ್ಲಿ ಬರುತ್ತಿದ್ದ, ಸಂಜೆ ಬಸ್ಸಿನಲ್ಲೇ ಹೋಗುತ್ತಿದ್ದ. ಗೋಪಾಳದ ನಮ್ಮ ಮನೆಯಲ್ಲಿ ಅವನಿಗೆ 'ಭದ್ರಾವತಿ ಹುಡುಗ' ಎಂದೇ ಹೆಸರಾಗಿತ್ತು.

ಅವನನ್ನು ನಾನು ಮದುವೆಯಾಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯ ತನಕ ಆಸೆ ಇಟ್ಟುಕೊಂಡು ಓದಿ ಆಮೇಲೆ ನನ್ನನ್ನು ಬೈಯುವುದು ಬೇಡ. ಆಗದೆ ಹೋದದ್ದಕ್ಕೆ ಜಾತಿ, ಜಾತಕ, ಅಂತಸ್ತು ಯಾವುದೂ ಕಾರಣವಲ್ಲ. ಅವೆಲ್ಲ ಚೆನ್ನಾಗಿಯೇ ಕೂಡಿಬಂದಿದ್ದವು. ನನ್ನ ಬಾಯಿ ಕಾರಣ.

ನಾನು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಒಂದು ದಿನ ಸೂಜಿ ಕಂಡು ಬೆದರಿದ ಮಗುವೊಂದು ಕೈ ಬೀಸಿ ನನ್ನ ಕನ್ನಡಕ ಮುರಿಯಿತು. ರಿಪೇರಿಗೆ ಹೋದರೆ ಇವನು ನನ್ನ ಮುಖ ನೋಡಲಿಲ್ಲ, ಕನ್ನಡಕವನ್ನೇ ತಿರುಗಿಸಿ ತಿರುಗಿಸಿ ನೋಡಿದ. "ಇದನ್ನ ಹಾಕ್ಕೊಂಡು ಎಷ್ಟು ದಿನದಿಂದ ತಲೆನೋವು?" ಎಂದ. ಎರಡು ವರ್ಷದಿಂದ ಎಂದೆ. "ತಲೆನೋವು ಕಣ್ಣಿಂದ ಅಲ್ಲ ಮೇಡಂ, ಕಡ್ಡಿಯಿಂದ. ಸೊಟ್ಟ ಇದೆ." ಅದು ಅವನ ಖಾಯಂ ಮಾತು. ಜೇಬಿನಲ್ಲಿ ಸದಾ ಒಂದು ಪುಟ್ಟ ಸ್ಕ್ರೂಡ್ರೈವರ್. ಬಸ್ಸಿನಲ್ಲಿ ಎದುರು ಕೂತ ಗುರುತಿಲ್ಲದ ಅಜ್ಜನ ಕನ್ನಡಕ ಓರೆಯಿದ್ದರೆ, "ಒಂದ್ನಿಮಿಷ ಕೊಡಿ ಅಜ್ಜ" ಎಂದು ಅವರ ಮೂಗಿನಿಂದಲೇ ಬಿಡಿಸಿಕೊಂಡು ತಿದ್ದಿ ಮತ್ತೆ ಕಿವಿಗೆ ಸಿಕ್ಕಿಸುತ್ತಿದ್ದ. ಬೈಸಿಕೊಂಡದ್ದೂ ಉಂಟು. ನಾನು ಅವನನ್ನು ಮೆಚ್ಚಿದ್ದು ಇಂಥದಕ್ಕೇ.

ನನಗಿದ್ದ ಒಂದೇ ಚಟ ದೆವ್ವದ ಸಿನಿಮಾ. ರಕ್ತ ಕಂಡರೆ ಹೆದರಿಕೆಯಿಲ್ಲ, ಕತ್ತಲೆ ಕಂಡರೆ ಹೆದರಿಕೆಯಿಲ್ಲ, ನೆಂಟರಿಷ್ಟರಲ್ಲೆಲ್ಲ ಗಟ್ಟಿಗಿತ್ತಿ ಎನ್ನಿಸಿಕೊಂಡವಳು. ಅವನಿಗೋ ಹಾಡಿರಬೇಕು, ಕೊನೆಗೆ ಎಲ್ಲರೂ ಒಂದಾಗಿ ಊಟಕ್ಕೆ ಕೂರಬೇಕು, ಅಂಥ ಸಿನಿಮಾ. "ದುಡ್ಡು ಕೊಟ್ಟು ಯಾಕೆ ಹೆದರ್ಬೇಕು ಮಾರಾಯ್ತಿ?" ಎಂದು ತಪ್ಪಿಸಿಕೊಳ್ಳುತ್ತಿದ್ದ. ನಾನು ಬಿಡುವವಳೇ? "ಗಂಡಸಾಗಿ ಹೆದರ್ತೀಯಲ್ಲ, ನಾಚಿಕೆ ಆಗಲ್ವಾ?" ಎಂದು ದಿನಾ ಚುಚ್ಚಿ ಚುಚ್ಚಿ ಕಡೆಗೊಂದು ಮ್ಯಾಟ್ನಿಗೆ ಎಳೆದುಕೊಂಡು ಹೋದೆ.

ಥಿಯೇಟರಿನಲ್ಲಿ ಜನ ಕಿರುಚಿದ್ದೇ ಕಿರುಚಿದ್ದು. ಇವನು ಮಾತ್ರ ಗುಂಡುಕಲ್ಲಿನ ಹಾಗೆ ಕೂತಿದ್ದ, ಒಂದು ಸಲವೂ ಬೆಚ್ಚಲಿಲ್ಲ. ನನಗೆ ಹೆಮ್ಮೆಯೂ ಆಯಿತು, ಸ್ವಲ್ಪ ನಿರಾಸೆಯೂ ಆಯಿತು. ಹೊರಗೆ ಬಂದು ಚುರುಮುರಿ ತಿನ್ನುವಾಗ ಯಾಕೋ ಅನುಮಾನ ಬಂದು ಕೇಳಿದೆ, "ದೆವ್ವ ಯಾವ ಬಣ್ಣದ ಸೀರೆ ಉಟ್ಟಿತ್ತು ಹೇಳು?"

"ಬಿಳಿ."

"ಹಸಿರು ಕಣೋ! ಇಡೀ ಸಿನಿಮಾ ಹಸಿರು ಸೀರೆ!"

"ದೆವ್ವ ಅಂದ್ರೆ ಬಿಳಿ ಸೀರೆ ಅಲ್ವಾ?" ಎಂದು ಕಳ್ಳನಗೆ ನಕ್ಕ. ದೀಪ ಆರಿದ ಕೂಡಲೇ ಕನ್ನಡಕ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡು, ಎರಡೂವರೆ ಗಂಟೆ ಬರೀ ಮಸುಕು ನೋಡುತ್ತ ಕೂತಿದ್ದನಂತೆ ಪುಣ್ಯಾತ್ಮ. ನಾನು ರಸ್ತೆಯಲ್ಲಿ ನಿಂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ. ಮನೆಗೆ ಹೋಗಿ ಎಲ್ಲರಿಗೂ ಹೇಳಿ ಇನ್ನೊಂದು ಸಲ ನಕ್ಕೆವು. ಅವನ ಮಾತನ್ನು ಮನೆಗೆ ಹೊತ್ತುಕೊಂಡು ಹೋಗಿ ನಗಿಸುವ ಅಭ್ಯಾಸ ನನಗೆ ಅಂದಿನಿಂದಲೇ ಅಂಟಿತು. ಅವನೂ ಬೇಡವೆನ್ನಲಿಲ್ಲ.

ಸೋಲೊಪ್ಪದೆ ನಾನು ಇನ್ನೊಂದು ಉಪಾಯ ಮಾಡಿದೆ. ಒಂದು ರಜಾದಿನ ಗಾಜನೂರಿನ ಅಣೆಕಟ್ಟಿನ ಕಡೆಗೆ ಕರೆದುಕೊಂಡು ಹೋಗಿ, ಮಟಮಟ ಮಧ್ಯಾಹ್ನ ಮರದ ನೆರಳಿನಲ್ಲಿ ಕೂರಿಸಿ, ಮೊಬೈಲಿನಲ್ಲಿ ಒಂದು ಸಿನಿಮಾ ಹಾಕಿದೆ. ಇಯರ್‌ಫೋನಿನ ಒಂದು ಎಳೆ ಅವನ ಕಿವಿಗೆ, ಒಂದು ನನಗೆ. "ಹಗಲು ಹೊತ್ತು, ಪಕ್ಕದಲ್ಲಿ ನಾನಿದೀನಿ. ಕನ್ನಡಕ ಮುಟ್ಟಿದ್ರೆ ನೋಡು" ಎಂದು ಕಾವಲು ಕೂತೆ. ಪಾಪ, ನೋಡಿದ. ಕೊನೆಯಲ್ಲಿ ಮಂತ್ರವಾದಿ ಬಂದು, ಮನೆಯಲ್ಲಿ ಸೇರಿಕೊಂಡ ಹೆಂಗಸಿನ ದೆವ್ವವನ್ನು ಬೇವಿನ ಸೊಪ್ಪಿನಲ್ಲಿ ಹೊಡೆದು ಹೊಡೆದು ಹೊರಗೆ ಅಟ್ಟುವ ಜಾಗ ಬಂತು. ನನಗೆ ಮೈ ಜುಮ್ಮೆನ್ನುತ್ತಿತ್ತು. ಪಕ್ಕಕ್ಕೆ ತಿರುಗಿದರೆ ಇವನು ಅಳುತ್ತಿದ್ದ.

ನಾನು ಮೊದಲು ಮಾಡಿದ್ದು ಏನು ಗೊತ್ತೆ? ನಕ್ಕಿದ್ದು. "ಅಯ್ಯೋ, ಇಷ್ಟು ಹೆದರಿಕೇನಾ!" ಎಂದೆ.

"ಹೆದರಿಕೆ ಅಲ್ಲ ಕಣೇ. ಅದು ಅವಳ ಮನೆ. ಅವಳನ್ನ ಯಾಕೆ ಓಡಿಸ್ತಾರೆ?"

ಆಮೇಲೆ ಹೇಳಿದ. ನಮ್ಮ ಕಡೆ ಯಾರಾದರೂ ಕೆಟ್ಟ ನಕ್ಷತ್ರದಲ್ಲಿ ತೀರಿಕೊಂಡರೆ ಮನೆ ಬಿಡುವ ಪದ್ಧತಿಯುಂಟು. ಬಾಗಿಲಿಗೆ ಬೀಗ ಹಾಕಿ, ಅಡ್ಡ ಮುಳ್ಳು ಇಟ್ಟು, ಮನೆಮಂದಿ ಬೇರೆ ಕಡೆ ಹೋಗಿ ಇರಬೇಕು. ಪುರೋಹಿತರು ಹೇಳಿದಷ್ಟು ತಿಂಗಳು ಒಳಗೆ ಕಾಲಿಡಬಾರದು. ಇಟ್ಟರೆ ಇನ್ನೊಂದು ಸಾವು ಎಂಬ ಭಯ. ಅವನಿಗೆ ಒಂಬತ್ತು ವರ್ಷವಿದ್ದಾಗ ಅವನ ಅಮ್ಮ ಅಂಥ ನಕ್ಷತ್ರದಲ್ಲಿ ಹೋದರು. ಆರು ತಿಂಗಳು ಎಂದಾಯಿತು. ಅಪ್ಪ, ಮಗ ಇಬ್ಬರೂ ಎರಡು ಬೀದಿಯಾಚೆ ಒಂದು ಕೋಣೆಗೆ ಹೋದರು. ಅಮ್ಮನ ಜೀವ ಇನ್ನೂ ಒಳಗೇ ಓಡಾಡುತ್ತಿದೆ, ಆ ಕಡೆ ಸುಳಿಯಬೇಡ ಎಂದು ಹಿರಿಯರು ಹುಡುಗನನ್ನು ಹೆದರಿಸಿದರು.

ಹುಡುಗ ಕೇಳಿಸಿಕೊಂಡದ್ದು ಒಂದೇ: ಅಮ್ಮ ಒಳಗಿದ್ದಾಳೆ. ಶಾಲೆ ಬಿಟ್ಟವನು ಸೀದಾ ಹೋಗಿ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತು ಒಳಗಿನವಳ ಹತ್ತಿರ ಮಾತಾಡುತ್ತಿದ್ದನಂತೆ. ಗಣಿತದಲ್ಲಿ ಎಷ್ಟು ಬಂತು, ಅಪ್ಪ ಮಾಡಿದ ಸಾರು ಹೇಗೆ ಉಪ್ಪಾಗಿತ್ತು, ಎಲ್ಲ. ಅಕ್ಕಪಕ್ಕದವರು ಅಪ್ಪನಿಗೆ ದೂರು ಕೊಟ್ಟರು. ಅವರು ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಿದ್ದವರು, ಹೆಚ್ಚು ಮಾತಿನವರಲ್ಲ. ಒಂದು ಸಂಜೆ ಡ್ಯೂಟಿ ಮುಗಿಸಿ ಬಂದು, ಮಗನ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡರಂತೆ. ಆಮೇಲೆ ಬರಿಗೈಯಲ್ಲೇ ಮುಳ್ಳು ಕಿತ್ತು ಎಸೆದು ಬೀಗ ತೆಗೆದರು. ಆರು ತಿಂಗಳಲ್ಲಿ ಆಗಿನ್ನೂ ಎರಡೂ ತುಂಬಿರಲಿಲ್ಲ. ನೆಂಟರು ಬಂದು ಕೂಗಾಡಿದಾಗ ಅವರು ಹೇಳಿದ್ದು ಇಷ್ಟೇ: "ನಮ್ಮನೆಯವಳಿಗೆ ನಾವು ಹೆದರೋದಾ?" ಎಷ್ಟೋ ವರ್ಷ ಆ ಮನೆಯಲ್ಲಿ ನೆಂಟರು ನೀರು ಸಹ ಮುಟ್ಟಲಿಲ್ಲವಂತೆ. ಅಪ್ಪ, ಮಗ ಇಬ್ಬರೂ ಅಂದಿಗೂ ಅದೇ ಮನೆಯಲ್ಲಿದ್ದರು, ಗಟ್ಟಿಮುಟ್ಟಾಗಿ.

"ಇದನ್ನ ಯಾರಿಗೂ ಹೇಳಿಲ್ಲ, ನಿಂಗೊಬ್ಳಿಗೇ" ಎಂದ. ನಾನು ಅವನ ಕೈ ಹಿಡಿದುಕೊಂಡು, ಯಾರಿಗೂ ಹೇಳಲ್ಲ ಎಂದೆ. ಆ ಕ್ಷಣಕ್ಕೆ ಅದು ಸುಳ್ಳಾಗಿರಲಿಲ್ಲ.

ಆರೇಳು ತಿಂಗಳಿಗೆ ಎರಡು ಮನೆಯವರೂ ಒಪ್ಪಿ ನಿಶ್ಚಿತಾರ್ಥಕ್ಕೆ ದಿನ ಗೊತ್ತಾಯಿತು. ಅದಕ್ಕೆ ನಾಲ್ಕು ದಿನ ಮುಂಚೆ ನಮ್ಮ ಮನೆಯಲ್ಲಿ ಅಮ್ಮ, ದೊಡ್ಡಮ್ಮ, ದೊಡ್ಡಮ್ಮನ ಇಬ್ಬರು ಹೆಣ್ಣುಮಕ್ಕಳು, ನಾನು ಸೇರಿ ಚಕ್ಕುಲಿ ಒತ್ತುತ್ತಿದ್ದೆವು. ಮಧ್ಯಾಹ್ನ ಕರೆಂಟು ಹೋಯಿತು. ಟಿವಿ ನಿಂತಿತು. "ಏ, ಒಂದು ದೆವ್ವದ ಕಥೆ ಬಿಡೇ" ಎಂದು ಅಕ್ಕಂದಿರು ಗಂಟುಬಿದ್ದರು. ನಮ್ಮ ಮನೆಯಲ್ಲಿ ಆ ಇಲಾಖೆ ಯಾವತ್ತೂ ನನ್ನದೇ. ನೋಡಿದ ಸಿನಿಮಾಗಳೆಲ್ಲ ಹೇಳಿ ಮುಗಿದಿದ್ದವು. ಬೇರೆ ಯಾವುದೂ ಹೊಳೆಯಲಿಲ್ಲ, ಅಥವಾ ಅದೇ ಎಲ್ಲಕ್ಕಿಂತ ಚೆನ್ನಾಗಿತ್ತು. "ಒಂದೂರಲ್ಲಿ ಒಬ್ಬ ಹುಡುಗ ಇದ್ದ" ಎಂದು ಶುರು ಮಾಡಿದೆ.

ಹೇಳಿದೆ, ಚೆನ್ನಾಗಿ ಹೇಳಿದೆ. ಮುಳ್ಳು, ಬೀಗ, ಕಟ್ಟೆ. ದೊಡ್ಡಮ್ಮ ಒರಳು ಒತ್ತುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ಅಷ್ಟು ಹೊತ್ತಿಗೆ ನನಗೆ ಕಥೆಯ ಅಮಲು ತಲೆಗೇರಿತ್ತು. ಇಷ್ಟಕ್ಕೇ ಬಿಟ್ಟರೆ ಕಥೆ ಸಪ್ಪೆ ಅನ್ನಿಸಿ, ಇಲ್ಲದ್ದೊಂದು ಸೇರಿಸಿದೆ. ಒಂದು ಸಂಜೆ ಹುಡುಗ ಮಾತು ಮುಗಿಸಿ ಏಳುತ್ತಾನೆ, ಆಗ ಬಾಗಿಲ ಒಳಗಿಂದ ಬಳೆಯ ಸದ್ದು, ಆಮೇಲೆ ಒಂದು ದನಿ. ಆ ದನಿಯನ್ನು ನಾನೇ ಮಾಡಿ ತೋರಿಸಿದೆ. ಅಕ್ಕಂದಿರು ಕಿಟಾರನೆ ಕಿರುಚಿ ಒಬ್ಬರನ್ನೊಬ್ಬರು ತಬ್ಬಿಕೊಂಡರು. "ಸುಳ್ಳು, ಎಲ್ಲಾ ಸುಳ್ಳು!" ಎಂದು ಒಬ್ಬಳು ಎಂದದ್ದಕ್ಕೆ ನನಗೆ ರೋಷ ಬಂತು. "ಸುಳ್ಳಾ? ನಾನು ಸೇರೋ ಮನೆ ಕಣೇ ಅದು!"

ಬಾಣಲೆಯ ಚಕ್ಕುಲಿ ಕಪ್ಪಾಗಿ ಹೋಯಿತು.

ದನಿಯ ಸಂಗತಿ ನಾನೇ ಕಟ್ಟಿದ್ದು ಎಂದು ಆಣೆ ಮಾಡಿ ಹೇಳಿದೆ. "ಅದಿರ್ಲಿ. ಗಡುವು ಮುಗಿಯೋ ಮುಂಚೆ ಬಾಗಿಲು ತೆಗ್ದಿದ್ದು ನಿಜ ತಾನೆ?" ಎಂದರು ದೊಡ್ಡಮ್ಮ. ನಿಜ ಎನ್ನದೆ ಗತಿಯಿರಲಿಲ್ಲ. "ಇಷ್ಟು ದೊಡ್ಡ ವಿಷಯ ಮುಚ್ಚಿಟ್ಟು ಹೆಣ್ಣು ಕೇಳಿದ್ರಾ? ಅವ್ರಿಬ್ರು ಗಂಡಸ್ರು, ತಡ್ಕೊಂಡ್ರು. ಆಮೇಲೆ ಆ ಮನೆಗೆ ಕಾಲಿಡೋ ಮೊದಲ್ನೇ ಹೆಂಗಸು ಇವ್ಳು!" ಅಮ್ಮ ನನ್ನ ಕಡೆ ತಿರುಗಿ, "ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತ ಎಷ್ಟು ಸಲ ಬಡ್ಕೊಂಡಿದೀನಿ" ಎಂದು ಅಳತೊಡಗಿದರು. ಸಂಜೆಯೊಳಗೆ ತೀರ್ಮಾನವಾಯಿತು. ಆ ಮನೆಗೆ ಈಗ ಹೊಸದಾಗಿ ಬೀಗ ಹಾಕಿ, ಆರು ತಿಂಗಳು ಬಿಟ್ಟಿದ್ದು, ಶಾಂತಿ ಮಾಡಿಸಲಿ. ಆಮೇಲೆ ಮದುವೆ. ಅಲ್ಲಿಯತನಕ ನಿಶ್ಚಿತಾರ್ಥವೂ ಇಲ್ಲ. ಅಂದೇ ಫೋನು ಮಾಡಿ, ನಾನು ಹೇಳಿದ ಕಥೆಯನ್ನು ದನಿಯ ಸಮೇತ ಅವನ ಅಪ್ಪನಿಗೆ ಒಪ್ಪಿಸಿದರು ದೊಡ್ಡಮ್ಮ.

ದೊಡ್ಡಮ್ಮನನ್ನು ಬೈದು ಕೈತೊಳೆದುಕೊಳ್ಳಬಹುದಿತ್ತು. ಹಲವು ವರ್ಷ ಹಾಗೇ ಮಾಡಿದೆ ಕೂಡ. ಆದರೆ ಮರುದಿನ ಭದ್ರಾವತಿ ಬಸ್ಸು ಹತ್ತಿದ್ದು ದೊಡ್ಡಮ್ಮ ಅಲ್ಲ, ನಾನು. ಮಲವಗೊಪ್ಪ ದಾಟುವಷ್ಟರಲ್ಲಿ ಹೇಳಬೇಕಾದ ಮಾತನ್ನು ಮೂರು ಸಲ ಬಾಯಿಪಾಠ ಮಾಡಿಕೊಂಡಿದ್ದೆ. ಅವನ ಅಪ್ಪ ಬಾಗಿಲು ತೆಗೆದು, "ಬಾಮ್ಮ, ಬಿಸಿಲಲ್ಲಿ ಬಂದಿದೀಯ" ಎಂದು ಕಾಫಿ ಮಾಡಿ ಕೊಟ್ಟರು. ಒಂದು ಮಾತೂ ಕೇಳದೆ ಹಿತ್ತಲಿಗೆ ಹೋದರು. ಅವರ ಮುಖ ನೋಡಲು ನನಗೆ ಆಗಲಿಲ್ಲ.

"ಆರು ತಿಂಗಳು ತಾನೆ" ಎಂದೆ ಅವನಿಗೆ. "ಹತ್ರದಲ್ಲೇ ಬಾಡಿಗೆ ಮನೆ ನೋಡಿ. ಬೀಗ ಹಾಕಿ ಒಂದು ಶಾಂತಿ ಮಾಡಿಸ್ಬಿಟ್ರೆ ಎಲ್ರ ಬಾಯೂ ಮುಚ್ಚುತ್ತೆ."

"ಅಪ್ಪಂಗೆ ಈ ಬಾಗಿಲಿಗೆ ಬೀಗ ಹಾಕು ಅಂತ ನಾನು ಹೇಳ್ಬೇಕಾ?" ಎಂದ. "ನಿಂಗೂ ಹಾಗೇ ಅನ್ಸುತ್ತಾ?"

"ನಂಗೇನು ಹೆದರಿಕೆ ಇಲ್ಲ ಮಾರಾಯ. ಆದ್ರೆ..."

"ಆದ್ರೆ?"

"ನಾಳೆ ಏನಾದ್ರೂ ಆದ್ರೆ?"

ಬಾಯಿಂದ ಬಂದ ಮೇಲೆ ನನಗೇ ಕೇಳಿಸಿತು. ನೂರು ದೆವ್ವದ ಸಿನಿಮಾ ನೋಡಿದ ಗಟ್ಟಿಗಿತ್ತಿ, ಸತ್ತುಹೋದ ಒಬ್ಬ ತಾಯಿಗೆ ಅವಳ ಮನೆಯಲ್ಲೇ ಕೂತು ಹೆದರುತ್ತಿದ್ದೆ. ಅವನು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಬದಲಿಗೆ ಏನೋ ಆಸೆಯಿಟ್ಟುಕೊಂಡವನ ಹಾಗೆ ಕೇಳಿದ:

"ಒಳಗಿಂದ ಅಮ್ಮ ಮಾತಾಡಿದ್ಲು ಅಂದ್ಯಂತೆ."

"ಸುಮ್ನೆ ಸೇರಿಸ್ದೆ ಕಣೋ. ಕಥೆಗೆ. ತಪ್ಪಾಯ್ತು."

"ಅಷ್ಟು ದಿನ ಕೂತೆ, ನಂಗೆ ಒಂದು ದಿನಾನೂ ಉತ್ತರ ಬರ್ಲಿಲ್ಲ. ನಿನ್ನ ಕಥೇಲಿ ಏನಂದ್ಲು?"

ಬೇಡ ಎಂದೆ. ಬಿಡಲಿಲ್ಲ, ಹೇಳು ಎಂದ. ಮನೆಯಲ್ಲಿ ನಾಲ್ಕು ಹೆಂಗಸರ ಮುಂದೆ ಅಷ್ಟು ಚೆಂದ ದನಿ ಎಳೆದು ಹೇಳಿದ್ದನ್ನು, ಅವನ ಮುಂದೆ ತಲೆ ತಗ್ಗಿಸಿ ಪಿಸುಗುಟ್ಟಿದೆ. "ಬಾಗಿಲು ತೆಗಿ ಮಗಾ."

ಅವನು ಅದನ್ನು ಮನಸ್ಸಿನಲ್ಲೇ ಒಮ್ಮೆ ಅಂದುಕೊಂಡು ನೋಡಿದ ಹಾಗಿತ್ತು. ಆಮೇಲೆ ತಲೆಯಾಡಿಸಿದ.

"ಅಮ್ಮ ನನ್ನ ಮಗಾ ಅಂತ ಕರೀತಿರ್ಲಿಲ್ಲ" ಎಂದ. "ಹೊರಡು, ಬಸ್ಸಿಗೆ ಹೊತ್ತಾಗುತ್ತೆ."

ಮತ್ತೇನೆಂದು ಕರೆಯುತ್ತಿದ್ದರು ಎಂದು ಕೇಳುವ ಯೋಗ್ಯತೆ ನನಗೆ ಉಳಿದಿರಲಿಲ್ಲ. ಎದ್ದು ಬಂದೆ.