ಮಗು ಇರುವಾಗಲೇ ನಿಂತ ಮಗ್ಗಗಳು

ಮೊನ್ನೆ ಚಳ್ಳಕೆರೆಯ ಔಷಧಿ ಅಂಗಡಿಯಲ್ಲಿ ಸಿರಪ್ಪಿನ ಬಾಟಲಿಯೊಂದು ಬಿದ್ದು ಒಡೆಯಿತು. ಒಡೆದವಳು ನಾನಲ್ಲ, ಆದರೂ ಮೊದಲು ಕ್ಷಮೆ ಕೇಳಿದವಳು ನಾನೇ. ನನ್ನ ಗಂಡ ನನ್ನನ್ನು ಚಿಂತೆ ಇಲಾಖೆ ಎನ್ನುತ್ತಾರೆ, ಭಾನುವಾರವೂ ರಜೆಯಿಲ್ಲದ ಇಲಾಖೆ. ನೆಲದಿಂದ ಕಿತ್ತಳೆ ಹಣ್ಣಿನ ಸುಳ್ಳು ವಾಸನೆ ಎದ್ದಿತು. ಮಕ್ಕಳಿಗೆ ಜ್ವರಕ್ಕೆ ಕುಡಿಸುವ ಸಿರಪ್ಪು. ಬಿ.ಪಿ. ಮಾತ್ರೆ ತರಲು ಹೋದವಳಿಗೆ ಅಲ್ಲೇ ಮೈಯೆಲ್ಲ ಉರಿಯಿತು... ಎದುರುಮನೆ ಅಕ್ಕನ ಮಗಳಿಗೆ ಕೊನೆಗೆ ನಾವು ಕುಡಿಸಿದ್ದು ಇದನ್ನೇ.

ಆಗ ನಾನು ಮೊಳಕಾಲ್ಮೂರಿನಲ್ಲಿ ಟೀಚರ್ ಆಗಿದ್ದೆ. ಮನೆ ನೇಕಾರರ ಬೀದಿಯಲ್ಲಿ. ಅಕ್ಕ ರೇಷ್ಮೆ ಸೀರೆ ನೇಯುತ್ತಿದ್ದಳು. ಮಾತು ಅರ್ಧ ತೆಲುಗು, ಅರ್ಧ ಕನ್ನಡ. ನಗು ಮಾತ್ರ ಪೂರ್ತಿ. ನಾನು ಛತ್ರಿ ಹಿಡಿದು ಹೊರಟರೆ ಒಳಗಿನಿಂದಲೇ ಕೂಗುತ್ತಿದ್ದಳು, "ಏನ್ ಟೀಚರಮ್ಮ, ಆಕಾಶ ಬೀಳಲ್ಲ ತಾನೇ ಇವತ್ತು? ಬೀಳಂಗಿದ್ರೆ ಹೇಳ್ರಿ, ಮಗ್ಗ ಒಳಗಿಡ್ತೀನಿ."

ಅವಳ ಮಗಳಿಗೆ ಎಲುಬಿನ ಕ್ಯಾನ್ಸರ್. ದೂರದ ದೊಡ್ಡ ಆಸ್ಪತ್ರೆಯವರು ಕೈಲಾದದ್ದೆಲ್ಲ ಮಾಡಿದರು, ಇಲ್ಲವೆನ್ನಲಾರೆ. ಇನ್ನು ವಾಸಿಯಾಗುವುದಿಲ್ಲ ಎಂದಾಗಲೂ ನಿಜವನ್ನೇ ಹೇಳಿದರು. ನನ್ನ ಸಿಟ್ಟು ಅದರ ಮುಂದಿನ ಮಾತಿನ ಮೇಲೆ. "ಮನೆಗೆ ಕರ್ಕೊಂಡು ಹೋಗಿ, ನೋವಿಗೆ ನಿಮ್ಮ ಕಡೆಯೇ ತೋರಿಸ್ಕೊಳ್ಳಿ" ಎಂದರು. ನಮ್ಮ ಕಡೆ ಯಾರಿಗೆ ಎಂದು ಹೇಳಲಿಲ್ಲ. ಇಲ್ಲಿಯ ಯಾವ ಡಾಕ್ಟರಿಗೂ ಒಂದು ಫೋನ್ ಮಾಡಲಿಲ್ಲ. ನೋವಿಗೆಂದು ಕೊಟ್ಟು ಕಳಿಸಿದ ಮಾರ್ಫಿನ್ ಮಾತ್ರೆ ಇರುವಷ್ಟು ದಿನ ಹುಡುಗಿ ಗೊಂಬೆಗೆ ರೇಷ್ಮೆ ಚೂರು ಉಡಿಸುತ್ತ ಆಡಿದಳು. ಮುಗಿದ ಮೇಲೆ ಹೊದಿಕೆ ತಾಗಿದರೂ ಕಿರುಚುತ್ತಿದ್ದಳು...

ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ಅಕ್ಕ ಮತ್ತು ನಾನು ಊರಿನ ಡಾಕ್ಟರ ಬಳಿ ಹೋದೆವು. "ಇದು ನಾನು ಕೊಡೋ ಮಾತ್ರೆ ಅಲ್ಲ, ಚಳ್ಳಕೆರೆಗೆ ಹೋಗ್ರಿ" ಎಂದರು. ಚಳ್ಳಕೆರೆಯ ಡಾಕ್ಟರು, ಬರೆದವರೇ ಕೊಡಬೇಕು ಎಂದರು. ಅವರ ಮುಂದೆಯೇ ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿದೆ. ಪೇಷಂಟನ್ನು ಕರೆದುಕೊಂಡು ಬನ್ನಿ, ನೋಡದೆ ಬರೆಯುವುದಿಲ್ಲ ಎಂದಿತು ಯಾವುದೋ ದನಿ. ಮಗ್ಗುಲು ಹೊರಳಿಸಲೂ ಆಗದ ಮಗುವನ್ನು ಬಸ್ಸಿನಲ್ಲಿ ಅಷ್ಟು ದೂರ...

ಅಕ್ಕ ಡಾಕ್ಟರ ಮುಖವನ್ನೇ ನೋಡುತ್ತ ಕೇಳಿದಳು, "ಸಾರ್, ನೀವು ನಾನಲ್ಲ ಅಂತೀರಿ, ಅವ್ರು ನಾವಲ್ಲ ಅಂತಾರೆ. ಹಂಗಾದ್ರೆ ನನ್ ಮಗಳು ಯಾರ ಪೇಷಂಟು?"

ಅವರು ಈ ಸಿರಪ್ಪು ಬರೆದುಕೊಟ್ಟು ಮುಂದಿನವರನ್ನು ಕರೆದರು.

ಮಧ್ಯಾಹ್ನ ಮೊಳಕಾಲ್ಮೂರಿಗೆ ಬಂದಿಳಿದೆವು. ನಮ್ಮ ಬೀದಿಯ ತಿರುವಿನಲ್ಲಿ ಅಕ್ಕ ತಟ್ಟನೆ ನಿಂತಳು. ಒಂದೇ ಒಂದು ಮಗ್ಗದ ಸದ್ದಿಲ್ಲ. ಆ ಬೀದಿಯಲ್ಲಿ ಹಗಲು ಹೊತ್ತು ಎಲ್ಲ ಮಗ್ಗಗಳೂ ಒಟ್ಟಿಗೆ ನಿಲ್ಲುವುದು ಯಾರಾದರೂ ಸತ್ತಾಗ, ಹೆಣ ಎತ್ತುವವರೆಗೆ. ಅಕ್ಕ ಚಪ್ಪಲಿ ಅಲ್ಲೇ ಬಿಟ್ಟು ಓಡಿದಳು.

ಮಗು ಇತ್ತು. ಹೆದರಿ ಅಜ್ಜಿಯ ಸೆರಗು ಹಿಡಿದುಕೊಂಡಿತ್ತು. "ಅವ್ವಾ, ಮಗ್ಗ ನಿಂತಾವೆ. ಯಾರ್ ಸತ್ರು?" ಎಂದಿತು.

ಪಕ್ಕದ ಮನೆಯ ಹಿರಿಯರು ಬಾಗಿಲಿಗೆ ಬಂದರು. "ಸದ್ದಿಗೆ ಕೂಸಿನ ನೋವು ಜಾಸ್ತಿ ಆಗ್ತೈತೇನೋ, ಒಂದೀಟು ಮಲಗ್ಲಿ ಅಂತ ನಾವೇ ಎಲ್ರಿಗೂ ಹೇಳಿ ನಿಲ್ಸಿದ್ವಮ್ಮ."

"ಡಾಕ್ಟ್ರುಗಳು ನಿಲ್ಸಿದ್ದು ಸಾಲ್ದಾ ಮಾವ?" ಎಂದಳು ಅಕ್ಕ. " ಮಗ್ಗದ ಸದ್ದಲ್ಲೇ ನಿದ್ದೆ ಮಾಡಿ ಬೆಳೆದೋಳು ಅವಳು. ಇನ್ನೂ ಐದಾಳೆ. ಹೋಗ್ರಿ, ನೇಯ್ರಿ."

ಒಂದು ಮನೆಯಲ್ಲಿ ಶುರುವಾಯಿತು, ಆಮೇಲೆ ಇನ್ನೊಂದರಲ್ಲಿ. ಬೀದಿಯವರದು ಅಕ್ಕರೆಯಿಂದಾದ ತಪ್ಪು. ಒಂದೇ ಮಾತಿಗೆ ತಿದ್ದಿಕೊಂಡರು. ಮಾರ್ಫಿನ್ ಮಾತ್ರ ಬರಲೇ ಇಲ್ಲ. ಇದ್ದಬದ್ದವರಿಗೆಲ್ಲ ಫೋನ್ ಮಾಡಿದೆ, ಎಲ್ಲರೂ ಇನ್ನೊಬ್ಬರ ಕಡೆ ಕೈ ತೋರಿಸಿದರು. ಹುಡುಗಿ ನೋವಿನಲ್ಲೇ ಹೋದಳು. ಕ್ಯಾನ್ಸರ್ ಯಾರ ತಪ್ಪೂ ಅಲ್ಲ. ಆ ಕಿರುಚಾಟ ತಪ್ಪು. ಅದನ್ನು ತಣಿಸುವ ಮಾತ್ರೆ ಇತ್ತು, ಬರೆಯಬಲ್ಲ ಕೈಗಳಿದ್ದವು. ಇವಳು ನಮ್ಮವಳು ಎನ್ನುವವರು ಒಬ್ಬರಿರಲಿಲ್ಲ.

ಕೆಲವು ತಿಂಗಳಾದ ಮೇಲೆ ದೊಡ್ಡ ಆಸ್ಪತ್ರೆಯಿಂದ ಅವರಾಗಿಯೇ ಫೋನ್ ಮಾಡಿದರು. ನಾನು ಅಕ್ಕನ ಮನೆಯಲ್ಲೇ ಕೂತಿದ್ದೆ. ಮಗು ಚೆಕಪ್ಪಿಗೆ ಯಾಕೆ ಬಂದಿಲ್ಲ ಎಂದು ಕೇಳಿದಳು ಒಬ್ಬಳು.

"ನಿನ್ ಹೆಸ್ರೇನಮ್ಮ?" ಎಂದಳು ಅಕ್ಕ.

"ಹೆಸ್ರು ಯಾಕಮ್ಮ, ಆಸ್ಪತ್ರೆಯಿಂದ ಮಾತಾಡ್ತಿರೋದು."

"ಆಸ್ಪತ್ರೆ ಅಂದ್ರೆ ಯಾರು?"

ಫೋನ್ ಕಟ್ಟಾಯಿತು. ಅಕ್ಕ ನನ್ನ ಕಡೆ ತಿರುಗಿದಳು. "ಬೈಯೋಕೂ ಒಬ್ರು ಸಿಗ್ಲಿಲ್ಲ ನೋಡ್ರಿ."

ಈಗ ಅಕ್ಕನೂ ಇಲ್ಲ. ಇಂಥ ಮಕ್ಕಳನ್ನು ಮನೆಗೇ ಬಂದು ನೋಡುತ್ತಾರೆ, ಮೊದಲಿನಂತಲ್ಲ ಎನ್ನುತ್ತಾರೆ ತಿಳಿದವರು. ಇರಬಹುದು, ಇರಲಿ. ಆದರೆ ಯಾರು ಬರುತ್ತಾರೆ, ಅವರ ಹೆಸರೇನು ಎಂದು ಕೇಳದೆ ಇರಲು ನನ್ನಿಂದಾಗುವುದಿಲ್ಲ. ಉತ್ತರವಾಗಿ ಅವರು ಇನ್ನೊಂದು ಆಸ್ಪತ್ರೆಯ ಹೆಸರು ಹೇಳುತ್ತಾರೆ. ಹಿಂದೆಯಾಗಿದ್ದರೆ ಅದನ್ನು ಕೇಳಿಸಿಕೊಂಡು ಬಂದು ಅಕ್ಕನ ಬಾಗಿಲಲ್ಲಿ ಕೂತು ಇಬ್ಬರೂ ಸೇರಿ ಬೈಯುತ್ತಿದ್ದೆವು. ಈಗ ಒಬ್ಬಳೇ ಬೈಯಬೇಕು.